ಎರಡನೇ ಸಲ ಕೇಳುವುದು

ಮೈಸೂರಿನ ಒಂಟಿಕೊಪ್ಪಲಿನ ವಿಶ್ವನಾಥನಿಗೆ ಬೆರಗಾಗುವುದೇ ಒಂದು ಚಟ. ಕೆಲಸ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟು. ತೊಂಬತ್ತೆಂಟರಲ್ಲಿ ಯಾರೋ ಕೊಟ್ಟ ಸಿ.ಡಿ.ಯೊಂದನ್ನು ಲ್ಯಾಬಿನ ಮೂಲೆಯ ಹಳೇ ಕಂಪ್ಯೂಟರಿಗೆ ಹಾಕಿದ್ದೇ ತಡ, ಮನುಷ್ಯ ಕೆಟ್ಟ. ಅದರಲ್ಲಿದ್ದದ್ದು 'ಮೈನಾ' ಎಂಬ ತಂತ್ರಾಂಶ. ಒಬ್ಬರ ಮುಖ ಒಬ್ಬರು ಕಾಣದ ನೂರಾರು ಜನ, ಯಾವ್ಯಾವುದೋ ದೇಶಗಳಲ್ಲಿ ಕೂತು, ಬಿಡುವಿನ ವೇಳೆಯಲ್ಲಿ ಬರೆದು, ಬೇಕಾದವರು ತಗೊಳ್ಳಿ ಎಂದು ಬಿಟ್ಟಿಯಾಗಿ ಕೊಟ್ಟದ್ದು! ಸಂಜೆ ಮನೆಗೆ ಬಂದವನೇ ತಾಯಿ ಗಿರಿಜಾಂಬಾ ಮುಂದೆ ಕೂತು ಎಲ್ಲವನ್ನೂ ವರದಿ ಒಪ್ಪಿಸಿದ.

"ಸಂಬಳ ಎಷ್ಟಂತೋ ಅವರಿಗೆ?" ಎಂದರು ಗಿರಿಜಾಂಬಾ, ಹುರುಳಿಕಾಯಿಯ ನಾರು ತೆಗೆಯುತ್ತ.

"ಸಂಬಳಾನೇ ಇಲ್ಲಮ್ಮ! ಸುಮ್ಮನೆ ಮಾಡ್ತಾರೆ."

"ಹಂಗಾದ್ರೆ ದಾಸೋಹ ಅನ್ನು. ಅದಕ್ಯಾಕೋ ಇಷ್ಟು ಕಣ್ಣು ಬಿಡ್ತೀಯ?"

ಗಿರಿಜಾಂಬಾ ಅವರಿಗೆ ಅದು ನಿಜಕ್ಕೂ ಹೊಸದಾಗಿರಲಿಲ್ಲ. ಮಠದ ಸೋಮವಾರದ ದಾಸೋಹಕ್ಕೆ ತರಕಾರಿ ಹೆಚ್ಚುವವರನ್ನು, ಬಡಿಸುವವರನ್ನು, ಪಾತ್ರೆ ತೊಳೆಯುವವರನ್ನು ಮನೆಮನೆಗೆ ಹೋಗಿ ಕರೆತರುತ್ತಿದ್ದವರು ಅವರೇ. ಹಣೆಯ ತುಂಬ ವಿಭೂತಿ ಬಳಿದುಕೊಂಡು ಬೀದಿಗೆ ಇಳಿದರೆಂದರೆ ಮುಗಿಯಿತು, ಬರಿಗೈಲಿ ವಾಪಸು ಬಂದದ್ದನ್ನು ಕಂಡವರಿಲ್ಲ.

ಮೈನಾದ ಒಳಗಿನ ಏರ್ಪಾಡು ಹೀಗಿತ್ತು. ಒಂದೊಂದು ಪ್ರೋಗ್ರಾಮನ್ನೂ ಒಂದೊಂದು ಪ್ಯಾಕೇಜಾಗಿ ಕಟ್ಟಿಡುತ್ತಿದ್ದರು. ಪ್ರತಿ ಪ್ಯಾಕೇಜಿಗೂ ಒಬ್ಬರು ಪಾಲಕರು. ಹೊಸ ಆವೃತ್ತಿ ಬಂದಾಗ ಅದು ಕೆಡದಂತೆ ಕಾಯುವುದು, ದೂರು ಬಂದರೆ ಸರಿಪಡಿಸುವುದು ಆ ಪಾಲಕರ ಹೊಣೆ. ಅವರು ಕೈಬಿಟ್ಟರೆ ಪ್ಯಾಕೇಜು ಅನಾಥ. ಬೇರೆ ಯಾರೂ ವಹಿಸಿಕೊಳ್ಳದಿದ್ದರೆ ಅದನ್ನು ಮುಂದಿನ ಆವೃತ್ತಿಯಿಂದ ತೆಗೆದೇಬಿಡುತ್ತಿದ್ದರು. ವಿಶ್ವನಾಥನಿಗೆ ಪ್ರೋಗ್ರಾಮ್ ಬರೆಯಲು ಬಾರದು. ಆದರೆ ಮಾತು ಬರುತ್ತದಲ್ಲ! ಹಾಗಾಗಿ ಪಾಲಕರಾಗುವವರನ್ನು ಹುಡುಕಿ ತರುವ ಕೆಲಸವನ್ನು ತಾನೇ ಮೈಮೇಲೆ ಎಳೆದುಕೊಂಡಿದ್ದ.

ಎರಡು ಸಾವಿರದ ನಾಲ್ಕರಲ್ಲಿ ಕನ್ನಡದ ಪ್ಯಾಕೇಜೇ ಅನಾಥವಾಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗ ಹೇಳದೆ ಕೇಳದೆ ಸುಮ್ಮನಾಗಿಬಿಟ್ಟಿದ್ದ. ತಿಂಗಳ ಕೊನೆಯೊಳಗೆ ಬೇರೆಯವರು ಸಿಗದಿದ್ದರೆ ಹೊಸ ಆವೃತ್ತಿಯಲ್ಲಿ ಕನ್ನಡವಿರುವುದಿಲ್ಲ, ಅಕ್ಷರವಿರಬೇಕಾದ ಕಡೆ ಖಾಲಿ ಚೌಕಗಳು ಕಾಣುತ್ತವೆ ಎಂದು ಸೂಚನೆ ಬಂತು. ವಿಶ್ವನಾಥನಿಗೆ ಊಟ ಸೇರದಾಯಿತು. ಎರಡು ವರ್ಷದ ಹಿಂದೆ ತಾಯಿಯನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಪರದೆಯ ಮೇಲೆ 'ಗಿರಿಜಾಂಬಾ' ಎಂದು ಮೂಡಿಸಿ ತೋರಿಸಿದ್ದ. ಆಕೆ ಗಾಜಿನ ಮೇಲೆ ಬೆರಳಾಡಿಸಿ, ಆ ಗುಡಿಸನ್ನೂ ಸೊನ್ನೆಯನ್ನೂ ಮುಟ್ಟಿದ್ದರು. ಆ ಹೆಸರು ಚೌಕಗಳಾಗುವುದೇ?

ಕಾಲೇಜಿನಲ್ಲಿ ಸಭೆ ಕರೆದು ಗಂಟಲು ಹರಿಯುವಂತೆ ಭಾಷಣ ಮಾಡಿದ. ಚಪ್ಪಾಳೆಯೇನೋ ಜೋರಾಗಿ ಬಿತ್ತು, ಜನ ಮಾತ್ರ ಬರಲಿಲ್ಲ. ಕೊನೆಗೆ ನೆನಪಾದವಳು ಸೌಮ್ಯ. ಜಯಲಕ್ಷ್ಮಿಪುರಂನವಳು, ಮಹಿಳಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಒತ್ತಕ್ಷರ ಪಕ್ಕಕ್ಕೆ ಜಾರುತ್ತಿದ್ದ ದೋಷವನ್ನು ಸರಿಪಡಿಸಿ, ಯಾರೂ ಕೇಳದೆಯೇ ಹಿಂದೊಮ್ಮೆ ಕಳುಹಿಸಿಕೊಟ್ಟಿದ್ದಳು. ವಿಶ್ವನಾಥ ಅವಳ ಹೆಸರು ಸೂಚಿಸಿದ. ಮೈನಾದಲ್ಲಿ ಪಾಲಕರನ್ನು ನೇಮಿಸುತ್ತಿದ್ದವರು ನಾರ್ವೆ ದೇಶದ ಒಬ್ಬ ಶಾಲಾ ಮೇಷ್ಟ್ರು. ಅವರು ಸೌಮ್ಯಳಿಗೆ ಮರ್ಯಾದೆಯಿಂದ ಮೇಲ್ ಬರೆದು ಕೇಳಿದರು. ಅವಳು ಉತ್ತರಿಸಿದಳು: ಇಷ್ಟು ದೊಡ್ಡ ಜವಾಬ್ದಾರಿಗೆ ನಾನೆಲ್ಲಿ ಯೋಗ್ಯಳು, ನನಗಿಂತ ತಿಳಿದವರಿದ್ದಾರೆ, ಅವರನ್ನು ಕೇಳಿ.

ಮೇಷ್ಟ್ರು ಧನ್ಯವಾದ ಹೇಳಿ ಅವಳ ಹೆಸರು ಬಿಟ್ಟರು. ಅವರ ದೇಶದಲ್ಲಿ ಇಲ್ಲ ಎಂದರೆ ಇಲ್ಲ. ಅವರ ತಪ್ಪೇನು ಪಾಪ! ಆದರೆ ಮೈಸೂರಿನಲ್ಲೇ ಹುಟ್ಟಿ, ಮೈಸೂರಿನಲ್ಲೇ ಬೆಳೆದ ಈ ಮಹಾನುಭಾವ ವಿಶ್ವನಾಥನೂ ಅದನ್ನು ನಂಬಿ ತಲೆ ಮೇಲೆ ಕೈಹೊತ್ತು ಕೂತನಲ್ಲ, ಅದಕ್ಕೇನು ಹೇಳೋಣ?

"ಆಗಲ್ಲ ಅಂದುಬಿಟ್ಟಳಮ್ಮ" ಎಂದ.

"ಎಷ್ಟು ಸಲ ಕೇಳಿದ್ರಿ?"

"ಎಷ್ಟು ಸಲ ಅಂದ್ರೆ? ಒಂದೇ ಸಲ."

ಗಿರಿಜಾಂಬಾ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಶಿವನೇ! ಒಂದ್ಸಲ ಕೇಳಿ ಬಿಟ್ಟುಬುಟ್ರಾ? ಮೊದಲನೇ ಸಲಕ್ಕೇ ಹೂಂ ಅನ್ನೋಕೆ ಆ ಹುಡುಗೀಗೆ ಮರ್ಯಾದೆ ಇಲ್ವೇನೋ? ಏಳು, ಚಪ್ಪಲಿ ಮೆಟ್ಕೊ."

ಭಾನುವಾರದ ಬೆಳಗ್ಗೆ ತಾಯಿ ಮಗ ಕಾಳಿದಾಸ ರಸ್ತೆಯಲ್ಲಿ ನಡೆದೇ ಹೋದರು. ಬಾಗಿಲು ತೆರೆದದ್ದು ಸೌಮ್ಯಳ ತಾಯಿ ಭಾಗ್ಯಮ್ಮ. ಕೂರಿಸಿ, ಕಾಫಿ ತರಲೇ ಎಂದು ಕೇಳಿದರು.

"ಬೇಡಿ ಬೇಡಿ, ಈಗ ತಾನೇ ಕುಡ್ಕೊಂಡು ಬಂದ್ವಿ" ಎಂದ ವಿಶ್ವನಾಥ.

"ಅಂಗಂದ್ರೆ ಎಂಗೆ? ಅರ್ಧ ಲೋಟ ಕುಡೀರಿ" ಎನ್ನುತ್ತಲೇ ಭಾಗ್ಯಮ್ಮ ಒಳಗೆ ಹೋದರು. ಬಂದದ್ದು ತುಂಬಿದ ಲೋಟವೇ. ವಿಶ್ವನಾಥ ಅದನ್ನು ಕೈಗೆ ತೆಗೆದುಕೊಂಡು ಎರಡು ಗುಟುಕು ಕುಡಿದ. ಗಿರಿಜಾಂಬಾ ಮಗನ ಮುಖವನ್ನೇ ನೋಡುತ್ತಿದ್ದರು.

"ಬೇಡ ಅಂದೆಯಲ್ಲೋ. ಈಗ ಕುಡೀತಾ ಇರೋದು ಏನದು?"

ಅವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ನಲವತ್ತು ವರ್ಷ ಈ ಊರಿನ ಕಾಫಿಯನ್ನು ಬೇಡ ಬೇಡ ಎನ್ನುತ್ತಲೇ ಕುಡಿದವನಿಗೆ ಈಗ ಜ್ಞಾನೋದಯವಾಯಿತು. ಗಿರಿಜಾಂಬಾ ಬಾಗಿಲ ಬಳಿ ನಿಂತಿದ್ದ ಸೌಮ್ಯಳತ್ತ ತಿರುಗಿದರು.

"ನೋಡಮ್ಮ, ಅವರ್ಯಾರೋ ದೂರದೇಶದವರು, ನಮ್ಮ ರೀತಿ ಅವರಿಗೆ ತಿಳೀದು. ಅದಕ್ಕೇ ನಾನು ಬಂದಿದ್ದೀನಿ. ಕನ್ನಡ ನೋಡ್ಕೊಳ್ಳೋಕೆ ನೀನೇ ಬರ್ಬೇಕು ಕಣಮ್ಮ."

ಸೌಮ್ಯಳ ಕಣ್ಣಲ್ಲಿ ನೀರಾಡಿತು. "ಇನ್ನೊಂದ್ಸಲ ಕೇಳ್ತಾರೇನೋ ಅಂತ ದಿನಾ ಬ್ರೌಸಿಂಗ್ ಸೆಂಟರಿಗೆ ಹೋಗಿ ನೋಡ್ತಿದ್ದೆ ಅಜ್ಜಿ. ಬೇರೆ ಯಾರೋ ಸಿಕ್ಕಿರ್ಬೇಕು ಅನ್ಕೊಂಡೆ. ಕೆಲಸ ಅರ್ಧ ಮಾಡೂ ಇಟ್ಟಿದ್ದೀನಿ."

ವಿಶ್ವನಾಥನಿಗೆ ರೋಮಾಂಚನವಾಯಿತು. ಕನ್ನಡ ಉಳಿಯುವುದಕ್ಕೂ ಅಳಿಯುವುದಕ್ಕೂ ನಡುವೆ ಇದ್ದದ್ದು ಇಷ್ಟೆಯೇ, ಇನ್ನೊಂದು ಸಲ ಕೇಳುವ ಮಾತು!

ಅಂದೇ ನಾರ್ವೆಗೆ ಬರೆದ. ನಮ್ಮೂರಿನಲ್ಲಿ ಮೊದಲ ಬಾರಿ ಬೇಡ ಎನ್ನುವುದು ನಿರಾಕರಣೆಯಲ್ಲ, ವಿನಯ. ಇನ್ನೊಮ್ಮೆ ಕೇಳಿದ ಮೇಲೆ ಬರುವುದೇ ನಿಜವಾದ ಉತ್ತರ ಎಂದು ವಿವರಿಸಿದ. ಕಾಫಿಯ ಕಥೆಯನ್ನೂ ಸೇರಿಸಿದ. ಮೇಷ್ಟ್ರು ಸೌಮ್ಯಳನ್ನು ಮತ್ತೆ ಕೇಳಿದರು. ಅವಳು ಆಗಲಿ ಎಂದಳು. ಹೊಸ ಆವೃತ್ತಿ ಹೊರಬಂತು. ಲ್ಯಾಬಿನ ಪರದೆಯ ಮೇಲೆ ಗಿರಿಜಾಂಬಾ ಎಂಬ ಹೆಸರು ಗುಡಿಸು, ಸೊನ್ನೆ ಸಮೇತ ಹಾಗೇ ನಿಂತಿತ್ತು. ಆಮೇಲೆ ಜಪಾನಿನವರೊಬ್ಬರು, ಇರಾನಿನವರೊಬ್ಬರು, ನಮ್ಮಲ್ಲೂ ಹೀಗೆಯೇ ಎಂದು ಬರೆದರು. ಹಿಂದೆ ಒಲ್ಲೆ ಎಂದಿದ್ದವರನ್ನೆಲ್ಲ ಮೈನಾದವರು ಮತ್ತೊಮ್ಮೆ ಕೇಳಿದರು. ಬಹಳ ಜನ ಬಂದರು. ಒಂಟಿಕೊಪ್ಪಲಿನ ಅಡುಗೆಮನೆಯ ರೀತಿ ಯಾವ್ಯಾವ ಸಮುದ್ರ ದಾಟಿತು ನೋಡಿ!

ಇದಾದ ಐದು ವರ್ಷಕ್ಕೆ ಗಿರಿಜಾಂಬಾ ತೀರಿಕೊಂಡರು. ಅದೇ ವರ್ಷ ನಾರ್ವೆಯ ಮೇಷ್ಟ್ರು, ತಮಗೆ ವಯಸ್ಸಾಯಿತು, ತಮ್ಮ ಜಾಗಕ್ಕೆ ವಿಶ್ವನಾಥ ಬರಬೇಕೆಂದು ಮೇಲ್ ಬರೆದರು. ಇಡೀ ಜಗತ್ತಿನ ಪಾಲಕರನ್ನು ಕರೆತರುವ ಕೆಲಸ. ವಿಶ್ವನಾಥ ಹೆದರಿಹೋದ. ಪ್ರೋಗ್ರಾಮ್ ಬರೆಯಲು ಬಾರದ ನಾನೆಲ್ಲಿ, ಆ ಸ್ಥಾನವೆಲ್ಲಿ, ದಯವಿಟ್ಟು ನನಗಿಂತ ದೊಡ್ಡವರನ್ನು ನೋಡಿ ಎಂದು ಬರೆದು ಕಳುಹಿಸಿಬಿಟ್ಟ. ಬೆನ್ನು ತಟ್ಟಿ ಎಬ್ಬಿಸಲು ಈಗ ತಾಯಿಯೂ ಇರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು.

ಮರುದಿನ ಬೆಳಗ್ಗೆ ಉತ್ತರ ಬಂದಿತ್ತು. ಮೇಷ್ಟ್ರು ಬರೆದದ್ದು ಎರಡೇ ಸಾಲು: "ನಿಮ್ಮ ತಾಯಿಯವರ ಪರವಾಗಿ ಎರಡನೇ ಸಲ ಕೇಳುತ್ತಿದ್ದೇನೆ. ಕಾಫಿ ಆರುವುದರೊಳಗೆ ಹೂಂ ಅನ್ನಿ."

ವಿಶ್ವನಾಥ ಲ್ಯಾಬಿನಲ್ಲಿ ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು ಹೂಂ ಎಂದು ಬರೆದ.