ಬೂದಿಗಟ್ಟಿಗೆ ಇಟ್ಟ ಕುಂಕುಮ

ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಯಾರಾದರೂ ಮಗಳಿಗೆ ಏನು ಕೆಲಸ ಎಂದು ಕೇಳಿದರೆ ಅಮ್ಮ, "ಬೂದಿ ತೊಳೀತಾಳೆ" ಎಂದುಬಿಡುತ್ತಿದ್ದಳು. ಎಂಜಿನಿಯರಿಂಗ್ ಓದಿದ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಸುಳ್ಳೇನಲ್ಲ. ಊರಿನ ಕಸ ಸುಟ್ಟಾಗ ಹೊಗೆಯ ಜೊತೆ ಹಾರಿ ಚಿಮಣಿಯ ಫಿಲ್ಟರಿಗೆ ಸಿಕ್ಕುವ ನುಣ್ಣನೆಯ ಬೂದಿಯಲ್ಲಿ ಸೀಸದಂಥ ವಿಷ ಇರುತ್ತದೆ. ಹಾಗೇ ಸುರಿದರೆ ಮಳೆಗೆ ಇಳಿದು ಯಾರದೋ ಬೋರ್‌ವೆಲ್ ಸೇರುತ್ತದೆ. ಕೆಂಗೇರಿಯಾಚೆಯ ಶೆಡ್ಡಿನಲ್ಲಿ ನಾವು ಅದರ ಉಪ್ಪು ತೊಳೆದು, ಸಿಮೆಂಟು, ಇನ್ನೊಂದಿಷ್ಟು ರಾಸಾಯನಿಕ ಸೇರಿಸಿ ಕಲಸಿ, ಗಟ್ಟಿ ಕ್ಯೂಬ್ ಮಾಡುತ್ತಿದ್ದೆವು. ವಿಷ ಒಳಗೇ ತೆಪ್ಪಗೆ ಕೂರಬೇಕು, ಅಷ್ಟೆ.

ಆ ದಸರೆಯ ಹೊತ್ತಿಗೆ ಕಲಸಿದ್ದರ ಹದ ಪೂರ್ತಿ ನನ್ನದು; ಯಾವುದು ಎಷ್ಟು ಸೇರಬೇಕೆಂದು ನಾನೇ ಲೆಕ್ಕ ಹಾಕಿದ್ದೆ. ಲ್ಯಾಬಿನವರು ಕ್ಯೂಬನ್ನು ಒಡೆದು ಪುಡಿ ಮಾಡಿ, ಹುಳಿ ನೀರಿನಲ್ಲಿ ಕುಲುಕಿ, ಆ ನೀರಿಗೆ ಎಷ್ಟು ಸೀಸ ಬಿಟ್ಟಿತು ಎಂದು ನೋಡುತ್ತಾರೆ. ಜಾಸ್ತಿ ಬಿಟ್ಟರೆ ನನ್ನ ಹದಕ್ಕೆ ಎಳ್ಳುನೀರು, ಶೆಡ್ಡಿಗೆ ಬೀಗ ಎಂದು ಸಾಹೇಬರು ಮೊದಲೇ ಹೇಳಿದ್ದರು.

ಕ್ಯೂಬುಗಳು ಗಟ್ಟಿಯಾಗುವ ಹೊತ್ತಿಗೆ ಸರಿಯಾಗಿ ಆಯುಧಪೂಜೆ ಬಂತು. ಅಮ್ಮ ಮಾರೇನಹಳ್ಳಿಯ ಅಂಗಡಿಯಿಂದ ತಂದ ಕುಂಕುಮದಲ್ಲಿ ಒಂದಿಷ್ಟು ಕಟ್ಟಿಕೊಟ್ಟಳು. ಕಣ್ಣಿಗೆ ಹೊಡೆಯುವಂಥ ಕೆಂಪು. ಆಯುಧಪೂಜೆ ಎಂದರೆ ನಮ್ಮವರ ಕೈ ನಿಲ್ಲುತ್ತದೆಯೇ? ಮಿಕ್ಸರಿಗೆ ಇಟ್ಟೆವು, ತಕ್ಕಡಿಗೆ ಇಟ್ಟೆವು, ಮೊಳೆಗೆ ನೇತುಹಾಕಿದ್ದ ಮಾಸ್ಕುಗಳಿಗೂ ಒಂದೊಂದು ಬೊಟ್ಟು ಇಟ್ಟೆವು. ಲ್ಯಾಬಿಗೆ ಹೋಗಬೇಕಿದ್ದ ಕ್ಯೂಬಿಗಂತೂ ನಾನೇ ಧಾರಾಳವಾಗಿ ಬಳಿದು, ಮೇಲೊಂದು ಸೇವಂತಿಗೆ ಇಟ್ಟು, ಮಾನ ಉಳಿಸಪ್ಪ ಎಂದು ಕೈಮುಗಿದೆ. ಮಾರನೆಯ ದಿನ ಹೂವು ತೆಗೆದು ಕ್ಯೂಬನ್ನು ಕಳಿಸಿದೆವು.

ಲ್ಯಾಬಿನ ಮೇಡಂ ಫೋನ್ ಮಾಡಿ, "ಫೇಲ್ ಕಣ್ರೀ. ಸೀಸ ಸಿಕ್ಕಾಪಟ್ಟೆ ಬಂದಿದೆ" ಎಂದರು. ನಾನು ಸಿಮೆಂಟ್ ಮೂಟೆಯ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ. ಅವರು ನಾನು ಮೂಗು ಒರೆಸಿಕೊಳ್ಳುವವರೆಗೆ ಕಾದು, "ಒಂದ್ ವಿಷ್ಯ ಕೇಳ್ಲಾ? ನಿಮ್ ಬೂದಿ ಕೆಂಪಗಿರುತ್ತಾ? ನೀರೆಲ್ಲ ಗುಲಾಬಿ ಬಣ್ಣ ಆಗಿದೆ" ಎಂದರು.

ಪೂಜೆಯ ವಿಷಯ ಹೇಳಿದೆ. ಮೇಡಂ, "ಪೂಜೆ ಮಾಡದೇ ಇರೋ ಕ್ಯೂಬ್ ಒಂದಾದ್ರೂ ಉಳಿದಿದೆಯಾ ತಾಯಿ?" ಎಂದು ಕೇಳಿದರು.

ಒಂದು ಉಳಿದಿತ್ತು. ತೊಟ್ಟಿಯ ನೀರಿನಲ್ಲಿ ನೆನೆಯುತ್ತಿದ್ದದ್ದು ನಮ್ಮ ಭಕ್ತಿಯಿಂದ ತಪ್ಪಿಸಿಕೊಂಡಿತ್ತು. ಅದನ್ನೂ ಉಳಿದ ಕುಂಕುಮವನ್ನೂ ನಾನೇ ಲ್ಯಾಬಿಗೆ ಹೊತ್ತೊಯ್ದೆ. ಕ್ಯೂಬ್ ಪಾಸು. ಕುಂಕುಮದಲ್ಲಿ ಎಷ್ಟು ಸೀಸ ಇತ್ತೆಂದರೆ ಮೇಡಂ ತಮ್ಮ ಯಂತ್ರವೇ ಕೆಟ್ಟಿತೆಂದು ಮತ್ತೆ ನೋಡಿದರು. ವಿಷದ ಬೂದಿ ಪಾಸಾಗಿ ದೇವರ ಕುಂಕುಮ ಫೇಲಾಗಿತ್ತು. ನಾನು ಕಾರಿಡಾರಿನಲ್ಲಿ ಕುಣಿದೆ. ಮೆಟ್ರೋದಲ್ಲಿ ಒಬ್ಬಳೇ ಕಿಸಕಿಸ ನಗುತ್ತಿದ್ದರೆ ಪಕ್ಕದ ಆಂಟಿ ಎದ್ದು ಬೇರೆ ಸೀಟಿಗೆ ಹೋದರು.

ವಿಜಯನಗರ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ತಟ್ಟನೆ ನೆನಪಾಯಿತು, ಅದೇ ಕುಂಕುಮ ಅಮ್ಮನ ಹಣೆಯ ಮೇಲೂ ಇದೆ ಎಂದು. ಮನೆಯವರೆಗೂ ಓಡಿದೆ. ಬಾಗಿಲು ದಾಟಿದವಳೇ ಟವೆಲ್ ಒದ್ದೆ ಮಾಡಿಕೊಂಡು, ಮಾತಿಲ್ಲದೆ ಅಮ್ಮನ ಹಣೆ ಉಜ್ಜಿದೆ.

ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ಏನ್ ಬಂದಿದ್ಯೇ ನಿಂಗೆ? ನಿಮ್ಮಪ್ಪ ಇನ್ನೂ ಇಲ್ಲೇ ಕೂತು ಕಾಫಿ ಕುಡೀತಾ ಇದಾರೆ ಕಣೇ."

ಅಪ್ಪ ಲೋಟ ಕೆಳಗಿಟ್ಟು, "ನಾನು ಚೆನ್ನಾಗೇ ಇದೀನಿ" ಎಂದರು.

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ನಡುನಡುವೆ ಬಿಕ್ಕುತ್ತಲೇ ಎಲ್ಲ ಹೇಳಿದೆ. ಅಮ್ಮ ಕುಂಕುಮದ ಭರಣಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕುಂಕುಮವನ್ನು ಕಸಕ್ಕೆ ಹಾಕುವ ಮಾತೇ ಇಲ್ಲ. ತುಳಸಿಯ ಬುಡಕ್ಕೆ ಸುರಿಯೋಣವೆಂದರೆ ವಿಷ. ಕೊನೆಗೆ ಭರಣಿಯನ್ನು ನನ್ನ ಕೈಗೆ ಕೊಟ್ಟು, "ವಿಷಾನ ಕಟ್ಟಿಹಾಕ್ತೀನಿ ಅಂತೀಯಲ್ಲ, ಇದನ್ನೂ ನಿನ್ ಸಿಮೆಂಟಲ್ಲೇ ಕಲಸಿಬಿಡು" ಎಂದಳು. ಆಮೇಲೆ ಅರಿಶಿನದ ಕೊಂಬು ತೇಯ್ದು ಹಣೆಗೆ ಇಟ್ಟುಕೊಂಡಳು.

ಮುಂದಿನ ಸಲ ಕಲಸುವಾಗ ಭರಣಿಯ ಕುಂಕುಮವನ್ನೂ ಸುರಿದೆ. ಕ್ಯೂಬ್ ಲ್ಯಾಬಿನಿಂದ ಪಾಸಾಗಿ ಬಂದ ದಿನ ಅಮ್ಮನಿಗೆ ಫೋನ್ ಮಾಡಿದೆ.

"ಒಳಗೇ ಕೂತಿದೆ ತಾನೇ?" ಎಂದಳು.

"ಕೂತಿದೆ ಅಮ್ಮ."

"ಹಂಗಾದ್ರೆ ಅದನ್ನ ಕಾಲಲ್ಲಿ ತುಳಿಯೋ ಜಾಗಕ್ಕೆ ಹಾಕಬೇಡಿ ಅಂತ ಹೇಳು."