ಮಲಗಲಾರದವರ ಸ್ಕ್ಯಾನು

ಅವಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಂ.ಆರ್.ಐ. ಯಂತ್ರ ನಡೆಸುತ್ತಿದ್ದಳು. ಗಾಜಿನ ಈಚೆ ಕುಳಿತು ಮೈಕಿನಲ್ಲಿ ದಿನವಿಡೀ ಹೇಳುವುದು ಒಂದೇ ಮಾತು. ಹಾಗಾಗಿ ಜೊತೆಯವರು ಅವಳಿಗೆ 'ಅಲ್ಲಾಡಬೇಡಿ ಅಕ್ಕ' ಎಂದೇ ಹೆಸರಿಟ್ಟಿದ್ದರು.

ಮನೆಯಲ್ಲಿ ಅವಳ ಮಾವ, ಒಂದು ಕಾಲದ ಬಸ್ ಡ್ರೈವರ್, ಓಡಾಡುವಾಗ ಗೋಡೆಗೆ ಭುಜ ಬಡಿಸಿಕೊಳ್ಳತೊಡಗಿದ್ದರು.

"ಒಂದು ಬಾಗಿಲು ಎರಡಾಗಿ ಕಾಣುತ್ತಮ್ಮ. ಯಾವುದರಲ್ಲಿ ನುಗ್ಗಲಿ ಹೇಳು?" ಎಂದು ನಗುತ್ತಿದ್ದರು.

ನರರೋಗದ ಡಾಕ್ಟರಮ್ಮ ತಲೆಯ ಮೂರು ಆಯಾಮದ ಚಿತ್ರ ಬೇಕೆಂದರು. ಆದರೆ ಮಾವನ ಹೃದಯ ಸೋತಿತ್ತು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ನಿದ್ದೆಯ ಮದ್ದು ಕೊಡುವಂತಿರಲಿಲ್ಲ. ಮೊದಲ ಸಲ ಸ್ಕ್ಯಾನಿಗೆ ಮಲಗಿಸಿದಾಗ ಅರ್ಧಕ್ಕೇ ಏದುಸಿರು ಬಿಡುತ್ತ ಎದ್ದುಬಿಟ್ಟರು. ಇಂಥ ಚಿತ್ರಕ್ಕೆ ಇಡೀ ತಲೆಯ ಮಾಹಿತಿ ಒಟ್ಟಿಗೆ ಕೂಡಿಬರಬೇಕು. ನಡುವೆ ಮಿಸುಕಿದರೆ ಎಲ್ಲವೂ ಮಬ್ಬು.

"ನಿನ್ನ ಮರ್ಯಾದೆ ಕಳೆದೆ ಕಣಮ್ಮ," ಎಂದರು ದಾರಿಯಲ್ಲಿ. ಅವಳಿಗೆ ಅಳು ಒತ್ತರಿಸಿ ಬಂತು.

ಆ ದಿನಗಳಲ್ಲಿ ಒಬ್ಬ ಇಂಜಿನಿಯರ್ ಸ್ಕ್ಯಾನಿನ ಹೊತ್ತು ಇಳಿಸುವ ಹೊಸ ವಿಧಾನವನ್ನು ಅವಳ ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಿದ್ದ. ಯಂತ್ರ ಮಾಹಿತಿಯ ಒಂದಷ್ಟನ್ನು ಮಾತ್ರ ಕೂಡಿಹಾಕುತ್ತದೆ, ಉಳಿದದ್ದನ್ನು ಕಂಪ್ಯೂಟರ್ ಲೆಕ್ಕ ಹಾಕಿ ತುಂಬುತ್ತದೆ. ಅವಳಿಗೆ ಅದೇಕೋ ನಂಬಿಕೆ ಬರಲಿಲ್ಲ.

"ತೆಗೀದೇ ಇರೋದನ್ನ ಅದು ಹೇಗೆ ತೋರಿಸುತ್ತೆ? ಇಲ್ಲದ ಗೆಡ್ಡೆ ತೋರಿಸಿದ್ರೆ? ಇರೋದನ್ನ ನುಂಗಿಬಿಟ್ರೆ?"

"ಆ ಭಯ ನನಗೂ ಇದೆ ಅಕ್ಕ. ಅದಕ್ಕೇ ಒಬ್ಬರಿಗೇ ಎರಡೂ ಥರ ತೆಗೆದು ಪಕ್ಕಪಕ್ಕ ಇಟ್ಟು ನೋಡ್ತಿದೀವಿ. ತಲೆ ಕೊಡೋರು ಬೇಕು."

"ನನ್ನದೇ ತಗೊಳ್ಳಿ. ಒಳಗೆ ಏನಾದ್ರೂ ಸಿಕ್ಕಿದ್ರೆ ನಮ್ಮನೆಯವರಿಗೇ ಆಶ್ಚರ್ಯ ಆಗುತ್ತೆ."

ಇಷ್ಟು ವರ್ಷ ಇತರರನ್ನು ಒಳಗೆ ತಳ್ಳಿದವಳು ಮೊದಲ ಬಾರಿಗೆ ತಾನೇ ಆ ಕೊಳವೆಯೊಳಗೆ ಮಲಗಿದಳು. ಕಿವಿಗೆ ಸುತ್ತಿಗೆಯೇಟಿನ ಸದ್ದು, ಮೂಗಿನ ತುದಿಯಲ್ಲಿ ತಡೆಯಲಾರದ ಕಡಿತ. ಹಳೆಯ ವಿಧಾನದ ಸ್ಕ್ಯಾನು ಮುಗಿಯುವುದೇ ಇಲ್ಲವೇನೋ ಎನಿಸಿತು. ಹೊಸದು ಅವಳು ಉಸಿರು ಹದಕ್ಕೆ ತರುವಷ್ಟರಲ್ಲಿ ಮುಗಿದಿತ್ತು. ಎದ್ದು ಕುಳಿತವಳು, "ಪಾಪ, ಮಾವ," ಎಂದಳು, ಯಾರಿಗೂ ಅಲ್ಲದೆ.

ಹೀಗೆ ಹಲವರ ಚಿತ್ರಗಳನ್ನು ಹೋಲಿಸಿ ನೋಡಿದ ಡಾಕ್ಟರಮ್ಮ, ಹೊಸದು ಕೊಂಚ ತರಿತರಿ, ಆದರೆ ಏನೂ ತಪ್ಪಿಹೋಗಿಲ್ಲ, ಏನೂ ಸೇರಿಕೊಂಡಿಲ್ಲ ಎಂದರು. ಮಲಗಲಾರದವರಿಗೆ ಅದನ್ನೇ ಬಳಸಲು ಒಪ್ಪಿದರು.

ಈ ಸಲ ಮಾವ ತುಟಿ ಕಚ್ಚಿಕೊಂಡು ತಡೆದುಕೊಂಡರು. ಪರದೆಯ ಮೇಲೆ ಚಿತ್ರ ಮೂಡಿತು. ಮಿದುಳಿನ ಬುಡದಲ್ಲಿ, ಆಳದಲ್ಲಿ, ಬೆಳ್ಳಗಿನ ಗೆಡ್ಡೆ. ಎಲ್ಲರಿಗಿಂತ ಮೊದಲು ಕಂಡದ್ದು ಅವಳಿಗೆ. ಮೈಕ್ ಒತ್ತಿದಳು. "ಮುಗೀತು ಮಾವ. ಚೆನ್ನಾಗಿ ಬಂತು."

ಸಂಜೆ ಮಾವ ಕೇಳಿದರು: "ಚೆನ್ನಾಗಿ ಬಂತು ಅಂದ್ಯಲ್ಲ, ಒಳಗಿರೋದು ಚೆನ್ನಾಗಿದೆ ಅಂತಲಾ?"

"ಅದನ್ನ ಡಾಕ್ಟರಮ್ಮನೇ ಹೇಳಬೇಕು ಮಾವ. ಚಿತ್ರ ಮಾತ್ರ ಚೆನ್ನಾಗಿ ಬಂದಿದೆ."

ಅವರು ಅವಳ ಮುಖವನ್ನೇ ನೋಡಿದರು. "ಸರಿ ಬಿಡಮ್ಮ, ಗೊತ್ತಾಯ್ತು," ಎಂದು ಅವಳ ಕೈಮೇಲೆ ಕೈಯಿಟ್ಟರು.

ಅಷ್ಟು ಆಳಕ್ಕೆ ಶಸ್ತ್ರಚಿಕಿತ್ಸೆಯ ಚಾಕು ಹೋಗುವಂತಿರಲಿಲ್ಲ. ಆದರೆ ಗೆಡ್ಡೆಯ ಅಂಚು ಸ್ಪಷ್ಟವಾಗಿದ್ದುದರಿಂದ ವಿಕಿರಣವನ್ನು ಗುರಿಯಿಟ್ಟು, ಅವರು ಮಲಗಿ ತಡೆಯುವಷ್ಟು ಸ್ವಲ್ಪ ಸ್ವಲ್ಪ ಹೊತ್ತಿನಂತೆ ಕೊಡಲಾಯಿತು. ಕಣ್ಣು ತಕ್ಕಮಟ್ಟಿಗೆ ಸರಿಹೋಗಿ, ಕೆಲವು ತಿಂಗಳು ಮಾವ ಪೇಪರ್ ಓದುತ್ತ, ರಸ್ತೆಯ ಡ್ರೈವರುಗಳನ್ನೆಲ್ಲ ಬೈಯುತ್ತ ಇದ್ದರು. ಒಂದು ಮಧ್ಯಾಹ್ನ ಹೃದಯ ನಿಂತು ಕುರ್ಚಿಯಲ್ಲೇ ತೀರಿಕೊಂಡರು.

ಅವಳು ಕೆಲಸಕ್ಕೆ ಮರಳಿದ ದಿನ ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. ಹೊರಗೆ ಬೆಂಚಿನಲ್ಲಿ, ಉಬ್ಬಸದಿಂದ ಮಲಗಲಾರದ ಹೆಂಗಸೊಬ್ಬರು ಹೊಸ ಸ್ಕ್ಯಾನಿಗಾಗಿ ಕಾಯುತ್ತಿದ್ದರು. ಅವಳು ಕಣ್ಣೊರೆಸಿಕೊಂಡು ಅವರನ್ನು ಒಳಗೆ ಕರೆದಳು.