ಜಿಗಣೆ ಬಿಟ್ಟವರು ಯಾರು

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಇಂಗ್ಲಿಷ್ ಕಲಿತದ್ದು ಜೀಪಿನಲ್ಲಿ, ಪ್ರವಾಸಿಗರನ್ನು ಬೆಟ್ಟ ಹತ್ತಿಸುತ್ತ. ಆದ್ದರಿಂದ ಕುಶಾಲನಗರದ ಇಂಗ್ಲಿಷ್ ತರಗತಿಯಲ್ಲಿ ನನ್ನನ್ನು ನೇರವಾಗಿ ಮೇಲಿನ ಹಂತಕ್ಕೇ ಸೇರಿಸಿಕೊಂಡಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಅಲ್ಲಿ ಪಾಸಾದರೆ ವಿದೇಶಿ ಅತಿಥಿಗಳ ಟ್ರಿಪ್ಪೆಲ್ಲ ನನಗೇ ಎಂದು ಮೂರ್ನಾಡಿನಲ್ಲಿ ಹೋಂಸ್ಟೇ ನಡೆಸುವ ಒಡತಿಯೊಬ್ಬರು ಮಾತು ಕೊಟ್ಟಿದ್ದರು.

ಕೊನೆಯ ಪರೀಕ್ಷೆಗೆ ಟೀಚರ್ ಆರಿಸಿದ ವಿಷಯ ಪಿತೂರಿ ಕತೆಗಳು. ಚಂದ್ರನ ಮೇಲೆ ಯಾರೂ ಇಳಿದೇ ಇಲ್ಲ, ಭೂಮಿ ದೋಸೆಯ ಹಾಗೆ ಚಪ್ಪಟೆ, ಇಂಥವು. ಮೊದಲ ವಾರ ಹೊಸದೊಂದು ಪಿತೂರಿ ಕಟ್ಟಿ ಇಂಗ್ಲಿಷಿನಲ್ಲಿ ಎಲ್ಲರನ್ನೂ ನಂಬಿಸಬೇಕು. ಮರುವಾರ ಅದನ್ನು ನಾವೇ ಕೆಡವಬೇಕು. ಎರಡೂ ಆದರೆ ಪಾಸು.

ನಾನು ಕಟ್ಟಿದ್ದು ಇದು: ಮಳೆಗಾಲದಲ್ಲಿ ಬೆಟ್ಟದ ದಾರಿಗೆ ಜಿಗಣೆ ತಂದು ಬಿಡುವವರು ಜಿಗಣೆ ಕಚ್ಚದಂತೆ ತೊಡುವ ಸಾಕ್ಸ್ ಮಾರುವ ಅಂಗಡಿಯವರು. ಅಂಗಡಿಯವನಿಗೆ ಜಿಗಣೆ ಕಚ್ಚಿದ್ದನ್ನು ಯಾರಾದರೂ ಕಂಡಿದ್ದೀರಾ?

ಜೊತೆಗೆ ಕಲಿಯುತ್ತಿದ್ದ ಬ್ಯಾಂಕಿನ ಹುಡುಗಿ ಪೆನ್ನು ಕೆಳಗಿಟ್ಟಳು. ಚೆಟ್ಟಳ್ಳಿಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಎದ್ದೇ ನಿಂತರು. "ಹೌದಲ್ಲಾ ಮಾರಾಯ! ನನ್ ಭಾವನಿಗೆ ಕಚ್ಚಿದ್ದು ಅಂಗಡಿ ಮುಂದೆಯೇ!"

"ಇಂಗ್ಲಿಷ್, ಇಂಗ್ಲಿಷ್," ಎಂದು ಟೀಚರ್ ಮೇಜು ತಟ್ಟಿದರು.

"ರಕ್ತ ಹೋಗಿದೆ ಮಿಸ್, ಇಂಗ್ಲಿಷ್ ಎಂತಕ್ಕೆ?"

ಮರುವಾರದ್ದು ಕಷ್ಟವಾಯಿತು. ಯಾರೆದುರೂ ಸೋತು ಅಭ್ಯಾಸವಿಲ್ಲದವನು ನನ್ನೆದುರೇ ಸೋಲುವುದು ಹೇಗೆ? ಸಾಕ್ಸ್ ಅಂಗಡಿಯ ಹಿಂಬದಿಗೆ ಹೋಗಿ ಇಣುಕಿಯೂ ಬಂದೆ. ನೀಲಿ ಡ್ರಮ್ಮೊಂದಿತ್ತು, ಮುಚ್ಚಳ ಬಿಗಿ. ಬೇರೇನೂ ಇರಲಿಲ್ಲ.

ತರಗತಿಯಲ್ಲಿ ಅದನ್ನೂ ಮುಚ್ಚಿಡದೆ ಹೇಳಿದೆ. ಸಾಕ್ಸ್ ಬರುವ ಮೊದಲೇ ಜಿಗಣೆ ಇತ್ತು, ನನ್ನ ಅಜ್ಜಿ ಕಾಲಿಗೆ ಹೊಗೆಸೊಪ್ಪು ಸುಣ್ಣ ಬಳಿದುಕೊಂಡೇ ಗದ್ದೆಗೆ ಇಳಿಯುತ್ತಿದ್ದರು ಎಂದೆ. ಎಲ್ಲ ಒಳ್ಳೇ ಇಂಗ್ಲಿಷಿನಲ್ಲೇ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ರೈಟರ್ ಮೆಲ್ಲನೆ ಕೇಳಿದರು, "ಎಷ್ಟು ಜೊತೆ ಸಾಕ್ಸ್ ಕೊಟ್ರು ಅಣ್ಣಾ?"

"ಯಾರು?"

"ಅದೇ, ಅವ್ರು."

"ಹೋದ್ವಾರ ಎಷ್ಟು ಧೈರ್ಯವಾಗಿ ಮಾತಾಡಿದ್ರು," ಎಂದಳು ಬ್ಯಾಂಕಿನ ಹುಡುಗಿ. "ಪಾಪ, ಹೆದರಿಸಿರ್ಬೇಕು."

ಕಾವೇರಮ್ಮನ ಮೇಲೆ ಆಣೆ ಇಟ್ಟೆ. ಆಣೆ ಇಡುವಷ್ಟು ಹೆದರಿಸಿದ್ದಾರೆ ಎಂದು ತೀರ್ಮಾನವಾಯಿತು.

ಟೀಚರ್ ಪಾಸು ಮಾಡಿದರು. ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ, ಆಚೀಚೆ ನೋಡಿ ಕೇಳಿದರು, "ಅಲ್ಲಾ, ಆ ಡ್ರಮ್ಮಲ್ಲಿ ಎಂತ ಇತ್ತು?"

ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಮೊದಲ ವಿದೇಶಿ ಟ್ರಿಪ್ಪಿನ ದಿನ ಅತಿಥಿಗಳಿಗೆ ಸಾಕ್ಸ್ ಕೊಡಿಸಲು ಅದೇ ಅಂಗಡಿಗೇ ಕರೆದೊಯ್ದೆ. ಅವರು ಅಳತೆ ನೋಡುತ್ತಿದ್ದಾಗ ಸುಮ್ಮನೆ ಹಿಂಬದಿಗೆ ಹೋಗಿಬಂದೆ.

ಡ್ರಮ್ಮು ಅಲ್ಲಿರಲಿಲ್ಲ.